ಗಾಜಿನ ಗಾಡಿಯಲ್ಲಿ ಕುದುರೆ ಮರಿ

...ಅಥವಾ ರೈಲ್ವೆ ಗೇಟು ಹಾಕಿರಲೇ ಇಲ್ಲವೇನೋ. ಈ ಸಂಗತಿಯನ್ನು ಯಾರಿಗೆ ಹೇಳುವಾಗಲೂ ನಾನು ಗೇಟಿನಿಂದಲೇ ಶುರು ಮಾಡುತ್ತಿದ್ದೆ. ಪಟ್ಟೆ ಬಳಿದ ಕಂಬ ಕೆಳಗಿಳಿಯಿತು, ಗೂಡ್ಸ್ ರೈಲು ಮುಗಿಯುವ ಹಾಗೆ ಕಾಣಲಿಲ್ಲ, ಹಿಂದೆ ಕುದುರೆ ಮರಿ ಒದ್ದಾಡುತ್ತಿತ್ತು ಎಂದು. ಕೇಳುವವರಿಗೂ ಅದು ಹಿಡಿಸುತ್ತಿತ್ತು. ಆದರೆ ಮೊನ್ನೆ ಭದ್ರಾವತಿಯಿಂದ ಬರುವಾಗ ಮನಸ್ಸಿನಲ್ಲೇ ದಾರಿಯನ್ನು ಜೋಡಿಸಿ ನೋಡಿದೆ. ಅಂದು ನಾವು ಬಂದ ದಾರಿಯಲ್ಲಿ ಗೇಟೇ ಇರಲಿಲ್ಲ. ಆ ಗೇಟು, ಆ ರೈಲು ಬೇರೆ ಯಾವುದೋ ದಿನದವು. ಗೇಟು ಹಾಕಿದ್ದ ದಿನ ನನ್ನ ಗಾಡಿಯ ಹಿಂದೆ ಇದ್ದದ್ದು ಯಾರದೋ ಮನೆಯ ಕಿಟಕಿ ಗಾಜು ಇರಬೇಕು. ಎರಡು ದಿನಗಳು ತಲೆಯೊಳಗೆ ಯಾವಾಗಲೋ ಒಂದಕ್ಕೊಂದು ಅಂಟಿಕೊಂಡಿವೆ. ಹಾಗಾಗಿ ಈ ಸಲ ಗೇಟನ್ನು ಬಿಟ್ಟು ಹೇಳುತ್ತೇನೆ. ಬಿಟ್ಟ ಮೇಲೆ ಎಷ್ಟು ಉಳಿಯುತ್ತದೋ ನೋಡೋಣ.

ನನ್ನದು ಗಾಜು ಸಾಗಿಸುವ ಕೆಲಸ. ಶಿವಮೊಗ್ಗದ ಒಂದು ಗಾಜಿನ ಅಂಗಡಿಗೆ ನನ್ನ ಪಿಕಪ್ ಗಾಡಿ ಓಡುತ್ತದೆ. ಹಿಂದಿನ ತೊಟ್ಟಿಯಲ್ಲಿ ಗುಡಿಸಲಿನ ಸೂರಿನ ಆಕಾರದ ಮರದ ಚೌಕಟ್ಟು ಇದೆ. ಗಾಜುಗಳನ್ನು ಅದಕ್ಕೆ ಒರಗಿಸಿ, ನಡುನಡುವೆ ರಬ್ಬರ್ ಹಾಳೆ ಇಟ್ಟು, ಹಗ್ಗ ಬಿಗಿಯುತ್ತೇವೆ. ಕಟ್ಟಿ ಮುಗಿದ ಮೇಲೆ ಅಂಗೈಯಿಂದ ತಟ್ಟಿ ನೋಡಬೇಕು. ಝಲ್ಲೆಂದರೆ ಎಲ್ಲೋ ಸಡಿಲವಿದೆ ಎಂದು ಅರ್ಥ. ಸದ್ದು ಮಂದವಾಗಿದ್ದರೆ ಹೊರಡಬಹುದು. ಈ ಕೆಲಸದಲ್ಲಿ ಕಲಿಯಬೇಕಾದದ್ದು ಇಷ್ಟೇ: ಅಲುಗದಿದ್ದರೆ ಒಡೆಯುವುದಿಲ್ಲ.

ಭದ್ರಾವತಿಯಲ್ಲಿ ಒಬ್ಬ ಪಶುವೈದ್ಯೆಯ ಮನೆಗೆ ಹಿಂದೊಮ್ಮೆ ಗಾಜು ತಲುಪಿಸಿದ್ದೆ. ಅವರು ಒಂದು ಬೆಳಿಗ್ಗೆ ಫೋನ್ ಮಾಡಿದರು.

"ನೀವು ಗಾಡಿ ಮೆತ್ತಗೆ ಓಡಿಸ್ತೀರಲ್ಲ, ಒಂದು ಕುದುರೆ ಮರಿ ಇದೆ. ಶಿವಮೊಗ್ಗಕ್ಕೆ ತಲುಪಿಸ್ತೀರಾ?"

"ಕುದುರೆನಾ ಮೇಡಂ? ನಾನು ಇದುವರೆಗೆ ಕೋಳೀನೂ ಸಾಗಿಸಿಲ್ಲ."

"ಕೋಳಿ ಸಾಗಿಸೋರು ಓಡಿಸೋದು ನೋಡಿದೀನಿ. ಅದಕ್ಕೇ ನಿಮಗೆ ಮಾಡ್ದೆ."

ಮರಿ ಇದ್ದದ್ದು ಓಲ್ಡ್ ಟೌನಿನ ಒಂದು ಓಣಿಯಲ್ಲಿ. ಮದುವೆ ಮೆರವಣಿಗೆಗಳಿಗೆ ಕುದುರೆ ಕಳಿಸುವ ಮನೆ. ಯಜಮಾನರ ತಂದೆಯ ಕಾಲದಲ್ಲಿ ಜಟಕಾ ಇತ್ತಂತೆ, ಈಗ ಮದುಮಗನನ್ನು ಹೊರುವ ಕುದುರೆ. ಅವರ ಹೆಣ್ಣು ಕುದುರೆ ಮರಿ ಹಾಕಿ, ಮರುದಿನವೇ ಹೊಟ್ಟೆಶೂಲೆಯಿಂದ ಸತ್ತಿತ್ತು. ಮೊದಲ ಗಿಣ್ಣುಹಾಲು ಮರಿಯ ಹೊಟ್ಟೆಗೆ ಹೋಗಿತ್ತು ಎನ್ನುವುದೊಂದೇ ಸಮಾಧಾನ. ಆಮೇಲೆ ಯಜಮಾನರ ಹಿರಿಯ ಮಗಳು ಅದಕ್ಕೆ ಬಾಟಲಿಯಲ್ಲಿ ಆಡಿನ ಹಾಲು ಕುಡಿಸುತ್ತಾ ಬಂದಿದ್ದರು. ಹಾಲು ಒಗ್ಗಲಿಲ್ಲ. ಮರಿಗೆ ಭೇದಿ ಶುರುವಾಗಿತ್ತು, ಕುಡಿಯುವುದೂ ಕಡಿಮೆಯಾಗುತ್ತಿತ್ತು.

ಶಿವಮೊಗ್ಗದಿಂದಾಚೆ, ಹುಲಿ-ಸಿಂಹಗಳ ಸಫಾರಿ ಇರುವ ತ್ಯಾವರೆಕೊಪ್ಪದ ಕಡೆ ಹೋಗುವ ರಸ್ತೆಯ ಪಕ್ಕ, ಮಕ್ಕಳಿಗೆ ಕುದುರೆ ಸವಾರಿ ಕಲಿಸುವ ಒಬ್ಬ ಮೇಷ್ಟ್ರು ಇದ್ದರು. ಅವರ ಹೆಣ್ಣು ಕುದುರೆಯ ಮರಿ ಹುಟ್ಟುವಾಗಲೇ ಸತ್ತಿತ್ತು. ಹಾಲು ಬತ್ತಬಾರದೆಂದು ಅವರು ಕೈಯಿಂದ ಹಿಂಡುತ್ತಿದ್ದರು. ಆ ಕುದುರೆಯನ್ನೇ ಭದ್ರಾವತಿಗೆ ತರೋಣವೆಂದರೆ ಅದಕ್ಕೆ ಹೆರಿಗೆಯಲ್ಲಿ ಪೆಟ್ಟಾಗಿತ್ತು, ಗಾಡಿಯಲ್ಲಿ ನಿಲ್ಲುವ ಶಕ್ತಿ ಇರಲಿಲ್ಲ. ಹಾಗಾಗಿ ಮರಿಯೇ ಹೋಗಬೇಕಿತ್ತು. ಹೋಗಿ ತಲುಪಿದರೆ ಸಾಲದು, ಕುಡಿಯುವಷ್ಟು ಜೀವ ಉಳಿಸಿಕೊಂಡು ತಲುಪಬೇಕಿತ್ತು.

ನಾನು ಓಣಿಗೆ ಗಾಡಿಯನ್ನು ಹಿಮ್ಮುಖವಾಗಿ ನುಗ್ಗಿಸುವಾಗ ಯಜಮಾನರು ಬಾಗಿಲಲ್ಲೇ ನಿಂತಿದ್ದರು.

"ಇದೇನಾ ಗಾಜಿನ ಗಾಡಿ?"

"ಹೌದು ಚಾಚಾ."

"ಎಷ್ಟು ಒಡೆದಿದ್ದೀಯ ಇಲ್ಲೀವರೆಗೆ?"

"ಈ ವರ್ಷ ಒಂದೂ ಇಲ್ಲ."

"ಮಾಷಾಲ್ಲಾ ಅನ್ನು ಬೇಟಾ. ನಿನ್ನ ದೃಷ್ಟಿ ನಿನಗೇ ತಾಕೀತು."

ಮರಿ ಕೊಟ್ಟಿಗೆಯ ಮೂಲೆಯಲ್ಲಿ ನಿಂತಿತ್ತು. ಮೈಗಿಂತ ಕಾಲೇ ಹೆಚ್ಚು. ಬಣ್ಣ ಕಂದು ಎಂದು ನನ್ನ ನೆನಪು, ಬೂದು ಎಂದು ಮಗಳ ನೆನಪು. ಹುಟ್ಟುವಾಗಿನ ಕೂದಲು ಆಮೇಲೆ ಉದುರಿ ಬಣ್ಣ ಬದಲಾಗುತ್ತದಂತೆ, ಇಬ್ಬರದೂ ಸರಿಯಿರಬಹುದು. ಮಗಳು ಮನೆಯಲ್ಲೇ ಬಟ್ಟೆ ಹೊಲಿಯುವವರು. ಹಳೆಯ ರಜಾಯಿ ಕತ್ತರಿಸಿ, ಮೂರು ಪದರ ಮಾಡಿ, ಮರಿಯ ಹೊಟ್ಟೆಯ ಕೆಳಗೆ ಹಾಯಿಸುವ ಅಗಲವಾದ ಪಟ್ಟಿಯೊಂದನ್ನು ಮೆಷಿನ್ನಿನಲ್ಲಿ ಹೊಲಿದಿಟ್ಟಿದ್ದರು. ಅಂಚಿಗೆ ಎರಡು ಸಲ ಹೊಲಿಗೆ.

"ಕಾಲು ಸೋತ್ರೆ ಇದು ಹಿಡ್ಕೊಳುತ್ತೆ ಅಲ್ವಾ ಅಣ್ಣಾ?" ಎಂದು ಕೇಳಿದರು.

"ಹಿಡ್ಕೊಳುತ್ತೆ ಅಕ್ಕಾ. ನಮ್ಮ ಗಾಜಿಗೂ ಬೆಲ್ಟ್ ಹಾಕ್ತೀವಿ."

ಹೀಗೆ ಶುರುವಾಯಿತು. ನಾನು ಮರದ ಚೌಕಟ್ಟು ಬಿಚ್ಚಿ ತೆಗೆದು, ತೊಟ್ಟಿಯ ತುಂಬ ಭತ್ತದ ಹುಲ್ಲು ಹಾಸಿದೆ. ಮರಿಯನ್ನು ಎತ್ತಿ ನಿಲ್ಲಿಸಿದೆವು. ಎಡಕ್ಕೊಂದು ಬಲಕ್ಕೊಂದು ಅವರ ಮನೆಯ ಹಳೆಯ ಹಾಸಿಗೆ ನಿಲ್ಲಿಸಿ ಹಗ್ಗ ಬಿಗಿದೆ. ಪಟ್ಟಿಯನ್ನು ಹೊಟ್ಟೆಯ ಕೆಳಗಿಂದ ಹಾಯಿಸಿ ಎರಡೂ ಕಡೆಯ ಕಂಬಿಗೆ ಕಟ್ಟಿದೆ. ಯಜಮಾನರು ಬಂದು ಎರಡು ಕೈಯಿಂದ ಅಲುಗಿಸಿ ನೋಡಿದರು. ಅಲುಗಲಿಲ್ಲ. "ಫಸ್ಟ್ ಕ್ಲಾಸ್" ಎಂದರು. ಮೂವರಿಗೂ ಖುಷಿಯಾಯಿತು. ಅವರದು ಮೆರವಣಿಗೆ ಕುದುರೆಗಳ ಮನೆ. ಪಟಾಕಿ ಹೊಡೆದರೂ ಬ್ಯಾಂಡ್ ಬಾರಿಸಿದರೂ ಅಲುಗದೆ ನಿಲ್ಲುವುದೇ ಅಲ್ಲಿ ಒಳ್ಳೆಯ ಕುದುರೆ. ನನ್ನ ಲೋಕದಲ್ಲೂ ಅಲುಗದ ಗಾಜೇ ಒಳ್ಳೆಯ ಗಾಜು. ಇಬ್ಬರೂ ಸೇರಿ ಮರಿಯನ್ನು ಎಷ್ಟು ಚೆನ್ನಾಗಿ ಕಟ್ಟಿದೆವೆಂದರೆ ಅದಕ್ಕೆ ಉಸಿರಾಡುವುದೊಂದನ್ನು ಬಿಟ್ಟು ಬೇರೆ ಕೆಲಸ ಉಳಿದಿರಲಿಲ್ಲ. ಕೊನೆಗೆ ಅಭ್ಯಾಸಬಲದಿಂದ ನಾನು ಹಾಸಿಗೆಯನ್ನು ತಟ್ಟಿ ನೋಡಿದೆ. ಮಂದವಾದ ಸದ್ದು ಬಂತು.

ಯಜಮಾನರಿಗೆ ಸಂಜೆ ಮೆರವಣಿಗೆ ಇತ್ತು, ಅವರು ಬರಲಿಲ್ಲ. ಮರಿಯ ಕಿವಿಯ ಹತ್ತಿರ ಬಾಗಿ ಏನೋ ಹೇಳಿದರು. ಮಗಳು ಬಾಟಲಿ, ಹಾಲಿನ ಫ್ಲಾಸ್ಕ್ ಹಿಡಿದು ಹಿಂದಿನ ತೊಟ್ಟಿಗೇ ಹತ್ತಿಕೊಂಡರು.

ಊರು ದಾಟುವವರೆಗೆ ಎಲ್ಲ ಸರಿಯಿತ್ತು. ಹೆದ್ದಾರಿಗೆ ಬಿದ್ದ ಮೇಲೆ ಮುಂದಿದ್ದ ಬಸ್ಸು ಜನ ಹತ್ತಿಸಿಕೊಳ್ಳಲು ತಟ್ಟನೆ ನಿಂತಿತು. ನಾನು ಬ್ರೇಕ್ ಒತ್ತಿದೆ, ಜೋರಾಗಿಯೂ ಅಲ್ಲ. ಗಾಜಾಗಿದ್ದರೆ ಗೊತ್ತೂ ಆಗುತ್ತಿರಲಿಲ್ಲ. ಕ್ಯಾಬಿನ್ನಿನ ಹಿಂದಿನ ತಗಡನ್ನು ಮಗಳು ಎರಡೂ ಕೈಯಿಂದ ಬಡಿಯತೊಡಗಿದರು.

ರಸ್ತೆ ಪಕ್ಕ ಒಂದು ಮಳೆಮರದ ನೆರಳಲ್ಲಿ ಎಳನೀರಿನವನ ಗಾಡಿ ಇತ್ತು. ಅಲ್ಲಿ ನಿಲ್ಲಿಸಿ ಹಿಂದೆ ಓಡಿದೆ. ಮರಿಯ ನಾಲ್ಕೂ ಕಾಲು ಹುಲ್ಲಿನ ಮೇಲೆ ಹಿಂದಕ್ಕೆ ಜಾರಿದ್ದವು. ಇಡೀ ಮೈ ಹೊಟ್ಟೆಪಟ್ಟಿಯ ಮೇಲೆ ಜೋತುಬಿದ್ದಿತ್ತು. ಕಾಲೂರಲು ಒದ್ದಾಡಿದಷ್ಟೂ ಪಟ್ಟಿ ಹೊಟ್ಟೆಗೆ ಒತ್ತುತ್ತಿತ್ತು. ಕಣ್ಣಿನ ಬಿಳಿ ಕಾಣುತ್ತಿತ್ತು. ನಾನು ಗಂಟು ಬಿಚ್ಚಲು ಹೋದೆ. ಗಾಜಿನ ಗಂಟು ಅದು, ಭಾರ ಬಿದ್ದಷ್ಟೂ ಬಿಗಿಯಾಗುವಂಥದ್ದು.

"ಮಚ್ಚು ಕೊಡಿ ಇಲ್ಲಿ!" ಎಂದು ಮಗಳು ಎಳನೀರಿನವನಿಗೆ ಕೂಗಿದರು.

ಅವನು ಮಚ್ಚು ಹಿಡಿದುಕೊಂಡೇ ಬಂದು ಇಣುಕಿದ. "ಎಲ್ಲಿಗೆ ಮಾರಾಯ ಇದು? ಸಫಾರಿಗಾ? ಹುಲಿಗೆ ಊಟ ತಗೊಂಡು ಹೊರಟ್ರಾ?"

"ಹುಲಿಗೆ ನಿಮ್ಮನ್ನೇ ಹಾಕ್ತೀನಿ, ಎಳನೀರೂ ಸಿಕ್ಕಂಗಾಗುತ್ತೆ. ಕೊಡ್ರೀ ಮೊದ್ಲು!"

ಅವನು ನಗುವುದನ್ನು ನಿಲ್ಲಿಸಿ ಮಚ್ಚು ಕೊಟ್ಟ. ಮಗಳು ತಾವು ಹೊಲಿದ ಪಟ್ಟಿಯನ್ನು ತಾವೇ ಕೊಯ್ದರು. ಎರಡು ಸಲ ಹೊಲಿದ ಅಂಚು ಬೇಗ ತುಂಡಾಗಲಿಲ್ಲ. ಕೊನೆಗೂ ತುಂಡಾದಾಗ ಮರಿ ಧೊಪ್ಪೆಂದು ಹುಲ್ಲಿನ ಮೇಲೆ ಕುಸಿಯಿತು. ನಾನು ಹಾಸಿಗೆಗಳನ್ನು ಕಿತ್ತು ರಸ್ತೆಗೆಸೆದೆ.

ಪಶುವೈದ್ಯೆಗೆ ಫೋನ್ ಮಾಡಿದೆ. ಕಟ್ಟಿದ್ದು ಹೇಗೆ ಎಂದು ಕೇಳಿದರು. ಹೇಳಿದೆ.

"ಅದಕ್ಕೆ ನಾಲ್ಕು ಕಾಲಿದೆ ಕಣ್ರೀ. ನಿಮ್ಮ ಗಾಜಿಗಿದ್ಯಾ? ಗಾಡಿ ವಾಲಿದ ಕಡೆ ಕಾಲು ಅಗಲಿಸ್ಕೊಂಡು ತಾನೇ ನಿಂತ್ಕೊಳುತ್ತೆ, ಸುಸ್ತಾದ್ರೆ ಮಲಗುತ್ತೆ. ಅದಕ್ಕೆ ಜಾಗ ಬೇಕು. ಏನೂ ಕಟ್ಟಬೇಡಿ. ಕಾಲು ಜಾರದ ಹಾಗೆ ನೋಡ್ಕೊಳಿ. ಹೊಟ್ಟೆ ಮುಟ್ಟಿ ನೋಡಿ, ಬಿಗಿದುಕೊಂಡಿದ್ಯಾ?"

ಮಗಳು ಮುಟ್ಟಿ ನೋಡಿ ಇಲ್ಲವೆಂದರು. ಆಮೇಲೆ ನಾವು ತೊಟ್ಟಿಯನ್ನು ಮತ್ತೆ ಮೊದಲಿನಿಂದ ಸಿದ್ಧ ಮಾಡಿದೆವು. ಜಾರುವುದಕ್ಕೆ ಕಾರಣ ಹುಲ್ಲೇ. ತಗಡಿನ ಮೇಲೆ ಒಣಹುಲ್ಲು ಎಣ್ಣೆ ಸವರಿದ ಹಾಗೆ. ಅದನ್ನು ಸರಿಸಿ, ಗಾಜಿನ ನಡುವೆ ಇಡುವ ರಬ್ಬರ್ ಹಾಳೆಗಳನ್ನು ತಳಕ್ಕೆ ಹಾಸಿದೆ. ಅದರ ಮೇಲೆ ಎಳನೀರಿನವನು ಕೊಟ್ಟ ಗೋಣಿಚೀಲಗಳನ್ನು ನೀರಿಗೆ ಅದ್ದಿ ಹರಡಿದೆವು, ಅದರ ಮೇಲೆ ತೆಳ್ಳಗೆ ಹುಲ್ಲು. ಹಾಸಿಗೆಗಳನ್ನು ತೊಟ್ಟಿಯ ಗೋಡೆಗಳಿಗೆ ಅಂಟಿಸಿ ಕಟ್ಟಿದೆ, ಮರಿ ಹೋಗಿ ಬಡಿದುಕೊಂಡರೆ ಪೆಟ್ಟಾಗದಿರಲಿ ಎಂದು. ನಡುವೆ ಎಲ್ಲ ಖಾಲಿ ಬಿಟ್ಟೆ. ಗಾಡಿಯ ನಡುವೆ ಖಾಲಿ ಜಾಗ ಬಿಡುವುದು ನನ್ನ ಕೈಗೆ ಒಗ್ಗದ ಕೆಲಸ. ಎರಡು ಸಲ ಏನಾದರೂ ತುರುಕಲು ಹೋಗಿ ಸುಮ್ಮನಾದೆ.

ಮಗಳಿಗೂ ನನಗೂ ಒಂದು ಸಂಕೇತ ಗೊತ್ತು ಮಾಡಿಕೊಂಡೆವು. ಮರಿ ಏಳಲು ಹೊರಟರೆ ತಗಡಿಗೆ ಒಂದು ಏಟು, ನಾನು ನಿಧಾನ ಮಾಡಬೇಕು. ಮಲಗಿದ ಮೇಲೆ ಅಥವಾ ಕಾಲು ಊರಿ ನಿಂತ ಮೇಲೆ ಎರಡು ಏಟು, ಮುಂದೆ ಹೋಗಬಹುದು.

ಆದರೆ ಮರಿ ಏಳಲೇ ಇಲ್ಲ. ಪಕ್ಕಕ್ಕೆ ಚಾಚಿ ಮಲಗಿಬಿಟ್ಟಿತ್ತು. ಬಾಟಲಿಯ ನಿಪ್ಪಲ್ ತುಟಿಗೆ ಇಟ್ಟರೆ ತುಟಿಯೇ ಆಡಲಿಲ್ಲ. ಮಲಗಿದ್ದಾಗ ಸುರಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ, ಬಲವಂತ ಬೇಡ ಎಂದು ವೈದ್ಯೆ ಹೇಳಿದ್ದರು. ಮಗಳು ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡರು.

"ವಾಪಸ್ ಹೋಗಣ ಅಣ್ಣಾ" ಎಂದರು. "ಸಾಯೋದೇ ಆದ್ರೆ ನಮ್ಮ ಮನೇಲಿ, ಅದರ ಅಮ್ಮ ಇದ್ದ ಜಾಗದಲ್ಲಿ ಸಾಯ್ಲಿ. ರೋಡಲ್ಲಿ ಬೇಡ."

ನಾನು ಗಾಡಿಯನ್ನು ತಿರುಗಿಸಿದೆ. ತಿರುಗಿಸಿದೆ ಎಂದು ನನಗೆ ಸ್ಪಷ್ಟವಾಗಿ ನೆನಪಿದೆ, ಭದ್ರಾವತಿಯ ಕಡೆಯಿಂದ ಬಿಸಿಲು ಮುಖಕ್ಕೆ ಹೊಡೆದದ್ದು ಸಹ. ಮುಂದೊಂದು ದಿನ ಅವರ ಓಣಿಗೆ ಕನ್ನಡಿ ತಲುಪಿಸಲು ಹೋದಾಗ ಮಗಳು ಇದನ್ನು ಒಪ್ಪಲಿಲ್ಲ. "ನೀವು ಇಂಡಿಕೇಟರ್ ಹಾಕಿದ್ರಿ ಅಷ್ಟೇ, ಗಾಡಿ ಅಲ್ಲೇ ಇತ್ತು" ಎಂದರು. ಒಂದು ಗಾಡಿ ತಿರುಗಿತೋ ಇಲ್ಲವೋ ಎನ್ನುವುದು ಇಬ್ಬರ ಅಭಿಪ್ರಾಯದ ವಿಷಯವಾಗಬಾರದು, ಆದರೂ ಆಗಿದೆ. ಅವರು ಮತ್ತೆ ತಗಡಿಗೆ ಬಡಿದದ್ದು, ನಾನು ಇಳಿದು ಹಿಂದೆ ಹೋದದ್ದು, ಅವರು ಆಡಿದ ಮಾತು, ಇವುಗಳ ಬಗ್ಗೆ ಜಗಳವಿಲ್ಲ.

"ಅಲ್ಲಿ ಏನಿದೆ ಅಣ್ಣಾ?" ಎಂದಿದ್ದರು. "ಅದೇ ಆಡಿನ ಹಾಲು. ಇದೇ ಬಾಟ್ಲು. ಅಲ್ಲಿಗೆ ಹೋದ್ರೆ ಅದು ಸಾಯೋದನ್ನ ನಾನು ಕೂತ್ಕೊಂಡು ನೋಡ್ಬೇಕು ಅಷ್ಟೇ. ಶಿವಮೊಗ್ಗಕ್ಕೇ ನಡೀರಿ."

"ದಾರೀಲಿ ಏನಾದ್ರೂ ಆದ್ರೆ ಅಕ್ಕಾ..."

"ಆದ್ರೆ ನಾನೇ ಹೇಳಿದ್ದು ಅಂತ ಅಬ್ಬಾಗೆ ಹೇಳಿ."

ಹೊರಟೆವು. ಗಾಜು ಹೇರಿದಾಗ ನನ್ನ ಕಣ್ಣು ರಸ್ತೆಯ ಗುಂಡಿಗಳ ಮೇಲಿರುತ್ತದೆ. ಅಂದು ಗುಂಡಿಗಳಿಗಿಂತ ಮುಂದಿನ ವಾಹನಗಳ ಕೆಂಪು ದೀಪಗಳನ್ನೇ ನೋಡುತ್ತಿದ್ದೆ. ಕುಲುಕನ್ನು ಮರಿ ತಡೆದುಕೊಳ್ಳುತ್ತದೆ, ತಟ್ಟನೆ ನಿಲ್ಲುವುದನ್ನು ತಡೆದುಕೊಳ್ಳುವುದಿಲ್ಲ ಎಂಬುದು ಅಷ್ಟರಲ್ಲಿ ಅರ್ಥವಾಗಿತ್ತು. ಮುಂದಿನ ಬಸ್ಸಿಗೂ ನನಗೂ ನಡುವೆ ಲಾರಿ ನುಗ್ಗುವಷ್ಟು ಅಂತರ ಬಿಟ್ಟೆ, ಲಾರಿಗಳು ನುಗ್ಗಿದವು ಕೂಡ. ಹಿಂದಿನವರು ಹಾರ್ನ್ ಹೊಡೆದರು, ಒಬ್ಬ ಬೈಕಿನವನು ಪಕ್ಕಕ್ಕೆ ಬಂದು "ಎತ್ತಿನ ಗಾಡಿನಾ ಗುರು?" ಎಂದು ಕೇಳಿ ಹೋದ. ಶಿವಮೊಗ್ಗ ಹತ್ತಿರವಾಗುವಾಗ ತಗಡಿನ ಮೇಲೆ ಒಂದು ಏಟು ಬಿತ್ತು. ನಿಧಾನ ಮಾಡಿದೆ. ಬಹಳ ಹೊತ್ತು ಎರಡನೆಯ ಸಂಕೇತ ಬರಲಿಲ್ಲ. ಕನ್ನಡಿಯಲ್ಲಿ ಮಗಳ ದುಪಟ್ಟಾ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆಮೇಲೆ ಎರಡು ಏಟು. ಮರಿ ಎದ್ದು, ನಾಲ್ಕೂ ಕಾಲನ್ನು ಮೇಜಿನ ಕಾಲುಗಳ ಹಾಗೆ ಅಗಲಿಸಿ, ಓಡುವ ಗಾಡಿಯಲ್ಲಿ ತಾನಾಗಿ ನಿಂತಿತ್ತು.

ಸವಾರಿ ಮೇಷ್ಟ್ರು ತಮ್ಮ ಲಾಯದ ಗೇಟಿನಲ್ಲೇ ಕಾಯುತ್ತಿದ್ದರು. ಫೌಜಿನಲ್ಲಿದ್ದು ಬಂದವರು, ಮಾತು ಕಡಿಮೆ. ಅವರು ಸತ್ತ ಮರಿಯನ್ನು ಒರೆಸಿದ್ದ ಗೋಣಿಯನ್ನು ಒಗೆಯದೆ ಕಟ್ಟಿಟ್ಟಿದ್ದರು. ಅದನ್ನು ಬಿಚ್ಚಿ ನಮ್ಮ ಮರಿಯ ಬೆನ್ನು, ಬಾಲದ ಬುಡ, ಕುತ್ತಿಗೆಗೆ ತಿಕ್ಕಿದರು. ತಮ್ಮ ಕುದುರೆಯ ಹಾಲನ್ನೇ ಸ್ವಲ್ಪ ಹಿಂಡಿ ಮರಿಯ ಹಣೆಗೆ ಸವರಿದರು. ಕುದುರೆ ಮೂಸುವುದು ಮೊದಲು ಬಾಲದ ಕಡೆಯನ್ನೇ, ಅಲ್ಲಿ ಒಪ್ಪಿದರೆ ಅರ್ಧ ಗೆದ್ದಂತೆ ಎಂದು ವಿವರಿಸಿದರು.

ಕುದುರೆ ಮೂಸಿತು. ಕಿವಿ ಹಿಂದಕ್ಕೆ ಹೋಯಿತು. ಕೀರಲು ದನಿ ತೆಗೆದು ಒಂದು ಸಲ ಒದೆಯಿತು, ಗೊರಸು ಹಲಗೆಗೆ ತಾಗಿತು. ಮೇಷ್ಟ್ರು ಅದರ ಮುಖಕ್ಕೆ ಕಟ್ಟಿದ್ದ ಹಗ್ಗ ಹಿಡಿದು ಕಿವಿಯ ಬುಡ ಕೆರೆಯುತ್ತಾ ನಿಂತರು. ಮತ್ತೆ ಮೂಸಿತು. ಈ ಸಲ ಒದೆಯಲಿಲ್ಲ. ಇನ್ನೇನು ಎಂದುಕೊಂಡೆವು.

ಈಗ ಮರಿಯೇ ಒಲ್ಲೆನೆಂದಿತು. ಕೆಚ್ಚಲಿನ ಹತ್ತಿರ ಮುಖ ಹಿಡಿದರೆ ಜಾರಿಸಿಕೊಂಡು ಮಗಳ ಕಡೆ ಬರುತ್ತಿತ್ತು. ಅವರ ಬಳೆಯ ಸದ್ದಾದರೆ ಕಿವಿ ತಿರುಗಿಸುತ್ತಿತ್ತು. ಅವರು ಬಾಯಲ್ಲಿ ಚು ಚು ಎಂದು ಕುದುರೆಯ ಕಡೆ ತಳ್ಳಿದಷ್ಟೂ ಅದು ಅವರ ದುಪಟ್ಟಾವನ್ನೇ ಚೀಪುತ್ತಿತ್ತು.

"ಅಮ್ಮಾ, ತಪ್ಪು ತಿಳ್ಕೋಬೇಡಿ" ಎಂದರು ಮೇಷ್ಟ್ರು. "ನೀವು ಇಲ್ಲಿರೋ ತನಕ ಅದು ಆ ಕಡೆ ನೋಡಲ್ಲ. ಅದರ ಲೆಕ್ಕದಲ್ಲಿ ನೀವೇ ತಾಯಿ."

"ನಾನು ಮೂಲೇಲಿ ನಿಂತ್ಕೋತೀನಿ ಸರ್. ಮಾತಾಡಲ್ಲ. ಬಳೆ ತೆಗೀತೀನಿ."

"ವಾಸನೆ ಏನ್ಮಾಡ್ತೀರಿ?"

ಮಗಳು ಸ್ವಲ್ಪ ಹೊತ್ತು ಮರಿಯನ್ನು ನೋಡಿದರು. ಮುಟ್ಟಲಿಲ್ಲ. ಮುಟ್ಟಿದರೆ ಮತ್ತೆ ಶುರುವಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಹೆಜ್ಜೆ ಸದ್ದಾಗದ ಹಾಗೆ ಹಿಂದಕ್ಕೆ ಸರಿದು, ಹೊರಗೆ ನಡೆದು, ನನ್ನ ಗಾಡಿಯ ಮುಂದಿನ ಸೀಟಿನಲ್ಲಿ ಕೂತು, ಆ ಬಿಸಿಲಲ್ಲಿ ಎರಡೂ ಕಡೆಯ ಗಾಜು ಏರಿಸಿಕೊಂಡರು.

ಮರಿ ಬಾಗಿಲಿಗೆ ಬಂದು ಕೆನೆಯಿತು. ಅದರ ದನಿಯನ್ನು ನಾನು ಮೊದಲು ಕೇಳಿದ್ದು ಆಗಲೇ. ಇಷ್ಟು ಸಣ್ಣ ಮೈಯಿಂದ ಅಷ್ಟು ದೊಡ್ಡ ಕೂಗು ಬರುತ್ತದೆ ಎಂದು ತಿಳಿದಿರಲಿಲ್ಲ. ಕ್ಯಾಬಿನ್ನಿನಲ್ಲಿ ಮಗಳು ದುಪಟ್ಟಾದಿಂದ ಕಿವಿ ಮುಚ್ಚಿಕೊಂಡರು. ಮರಿ ಮತ್ತೆ ಕೂಗಿತು, ಮತ್ತೆ. ಮೇಷ್ಟ್ರು ಕೈ ಹಾಕಲಿಲ್ಲ, ನನಗೂ ಹಾಕಲು ಬಿಡಲಿಲ್ಲ. ನಾನು ಹೊರಗೆ ಬಂದು ಹಲಗೆಗಳ ಸಂದಿಯಿಂದ ನೋಡುತ್ತಾ ನಿಂತೆ.

ಯಾವುದೋ ಒಂದು ಕೂಗಿಗೆ ಕುದುರೆ ಉತ್ತರ ಕೊಟ್ಟಿತು. ಬಾಯಿ ತೆರೆಯದೆ, ಮೂಗಿನೊಳಗೇ, ಮಡಕೆಯಲ್ಲಿ ನೀರು ಕುದಿಯುವಂಥ ಸದ್ದು. ಮರಿ ತಿರುಗಿತು. ಮೊದಲು ಕುದುರೆಯ ಮುಂಗಾಲಿನ ಹತ್ತಿರ ಹೋಯಿತು, ತಪ್ಪು ಜಾಗ. ಎದೆಯನ್ನು ಗುದ್ದಿತು. ಪಕ್ಕೆಯ ಉದ್ದಕ್ಕೂ ಮೂತಿ ಸವರುತ್ತಾ ಹಿಂದಕ್ಕೆ ಸರಿಯಿತು. ಕುದುರೆ ಒಂದು ಹಿಂಗಾಲನ್ನು ಎತ್ತಿತು. ಮೇಷ್ಟ್ರು ಉಸಿರು ಬಿಗಿ ಹಿಡಿದದ್ದು ಅವರ ಬೆನ್ನಿನಿಂದ ಗೊತ್ತಾಗುತ್ತಿತ್ತು. ಕುದುರೆ ಕಾಲನ್ನು ಹಿಂದಕ್ಕೆ, ಸ್ವಲ್ಪ ಅಗಲಿಸಿ, ಊರಿತು. ಮರಿಯ ತಲೆ ಹೊಟ್ಟೆಯ ಕೆಳಗೆ ಮರೆಯಾಯಿತು. ನನಗೆ ಕಾಣುತ್ತಿದ್ದದ್ದು ಅದರ ಹಿಂಭಾಗ ಮಾತ್ರ. ಗಿಡ್ಡ ಬಾಲ ಪಟಪಟನೆ ಆಡುತ್ತಿತ್ತು. ಮೇಷ್ಟ್ರು ನನ್ನ ಕಡೆ ತಿರುಗದೆ ಒಂದು ಕೈ ಎತ್ತಿದರು.

ನಾನು ಗಾಡಿಗೆ ಹೋದೆ. ಮಗಳು ಗಾಜನ್ನು ಬೆರಳಗಲ ಇಳಿಸಿದರು. ಮುಖ ಬೆವೆತು ಹೋಗಿತ್ತು.

"ಕುಡೀತು ಅಕ್ಕಾ."

"ನೋಡಿದ್ರಾ?"

"ನೋಡ್ದೆ. ಬಾಲ ಹೆಂಗೆ ಆಡಿಸ್ತಿದೆ ಅಂದ್ರೆ..."

"ಚಪ್ಪರಿಸೋ ಶಬ್ದ ಬಂತಾ?"

"ಬಂತು."

ಅವರು ದುಪಟ್ಟಾದಿಂದ ಮುಖ ಒರೆಸಿಕೊಂಡರು. ಆಮೇಲೆ, "ನನ್ನ ಹತ್ರ ಕುಡಿಯೋವಾಗ ಬಾಲ ಆಡಿಸ್ತಿರ್ಲಿಲ್ಲ" ಎಂದರು. ಅದನ್ನು ದೂರಿನ ಹಾಗೆ ಹೇಳಲಿಲ್ಲ. ಫ್ಲಾಸ್ಕಿನಲ್ಲಿ ಉಳಿದಿದ್ದ ಆಡಿನ ಹಾಲನ್ನು ಬಾಗಿಲು ತೆರೆದು ರಸ್ತೆ ಬದಿಗೆ ಚೆಲ್ಲಿ, "ನಡೀರಿ ಅಣ್ಣಾ, ಅದು ಮತ್ತೆ ಕೂಗೋದ್ರೊಳಗೆ ಹೋಗಣ" ಎಂದರು. ಓಲ್ಡ್ ಟೌನಿನಲ್ಲಿ ಮೆರವಣಿಗೆಗೆ ಕುದುರೆಯನ್ನು ಸಿಂಗರಿಸುತ್ತಿದ್ದ ಯಜಮಾನರು ತಲೆಯೆತ್ತಿ ನೋಡಿದಾಗ, ಗಾಡಿಯಿಂದ ಇಳಿಯುವ ಮೊದಲೇ, "ಕುಡೀತು ಅಬ್ಬಾ, ಚಪ್ಪರಿಸಿ ಕುಡೀತು" ಎಂದು ಮಗಳೇ ಹೇಳಿದರು, ಕಣ್ಣಾರೆ ಕಂಡವರ ಹಾಗೆ.

ಮರಿ ಬದುಕಿತು. ಕೆಲವು ದಿನಗಳಾದ ಮೇಲೆ ಮೇಷ್ಟ್ರೇ ಫೋನ್ ಮಾಡಿ, ಕುದುರೆ ಈಗ ಯಾರನ್ನೂ ಮರಿಯ ಹತ್ತಿರ ಸೇರಿಸುತ್ತಿಲ್ಲ ಎಂದರು. ಆಮೇಲೆ ಆ ರಸ್ತೆಯಲ್ಲಿ ಹೋಗುವಾಗ ಅದು ಬೇಲಿಯೊಳಗೆ ಓಡುವುದನ್ನು ನಾನೂ ನೋಡಿದ್ದೇನೆ. ಆದರೆ ಅಂದು, ಆ ಗಳಿಗೆಯಲ್ಲಿ, ಅದು ಕುಡಿಯುತ್ತಿತ್ತೋ, ಕೆಚ್ಚಲು ಸಿಗದೆ ಹುಡುಕುತ್ತಲೇ ಬಾಲ ಆಡಿಸುತ್ತಿತ್ತೋ, ನನಗೆ ಗೊತ್ತಿಲ್ಲ. ಮೇಷ್ಟ್ರು ಕೈ ಎತ್ತಿದ್ದು ಆಯಿತು ಎನ್ನಲೋ, ಸದ್ದು ಮಾಡಬೇಡ ಎನ್ನಲೋ, ಕೇಳಲಿಲ್ಲ. ಚಪ್ಪರಿಸುವ ಶಬ್ದ ನನಗೆ ನಿಜವಾಗಿ ಕೇಳಿಸಿತ್ತೋ, ಮಗಳು ಬಂತಾ ಎಂದು ಕೇಳಿದ್ದರಿಂದ ಆಮೇಲೆ ಕೇಳಿಸಿತೋ, ಅದೂ ಗೊತ್ತಿಲ್ಲ.